ನೂರು ಪೌಂಡ್ ಗಾಳಿಯನ್ನು ಹತ್ತಕ್ಕೆ ಇಳಿಸುವುದು ಹೇಗೆ?



ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಮೇಜಿನ ಮೇಲೆ ಹಿತ್ತಾಳೆಯ ಒಂದು ಪುಟ್ಟ ಎಂಜಿನ್ ಇದೆ. ಅದನ್ನು ನೋಡದವರು ಯಾರೂ ಇರಲಿಕ್ಕಿಲ್ಲ. ಅದು ಉಗಿಯಂತ್ರದ ಮಾದರಿ. ಒಂದೇ ಸಿಲಿಂಡರ್, ಒಂದು ಪಿಸ್ಟನ್, ಒಂದು ಭಾರದ ಚಕ್ರ. ಉಗಿ ಇಲ್ಲದಿದ್ದರೂ ಪರವಾಗಿಲ್ಲ, ಒತ್ತಿ ತುಂಬಿದ ಗಾಳಿ ಕೊಟ್ಟರೂ ಅದು ತಿರುಗುತ್ತೆ. ಬೆಂಕಿ ಬೇಡ, ಬಾಯ್ಲರ್ ಬೇಡ, ಕೈ ಸುಡುವ ಭಯವೂ ಇಲ್ಲ.

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಈ ಸಲ ಇದನ್ನೇ ಒಯ್ಯುವುದು ಅಂತ ತೀರ್ಮಾನ ಆಗಿದೆ. ಆದರೆ ಗಾಳಿ ಎಲ್ಲಿಂದ ತರುವುದು? "ಪಂಕ್ಚರ್ ಅಂಗಡಿ ಕಂಪ್ರೆಸರ್ ಪೈಪನ್ನ ನೇರ ಸಿಕ್ಕಿಸಿಬಿಡೋಣ" ಅಂತ ತರಗತಿಯಲ್ಲಿ ಬಹಳ ಜನ ಹೇಳುತ್ತಿದ್ದಾರೆ. ಹಾಗೆ ಮಾಡಬಾರದು. ಏಕೆ ಮಾಡಬಾರದು, ಹೇಗೆ ಮಾಡಬೇಕು ಎಂಬುದನ್ನು ಮೇಷ್ಟ್ರ ಹತ್ತಿರವೂ ಪಂಕ್ಚರ್ ಅಂಗಡಿ ಅಣ್ಣನ ಹತ್ತಿರವೂ ಕೇಳಿ ತಿಳಿದು ಇಲ್ಲಿ ಬರೆದಿದ್ದೇನೆ. ಪ್ರದರ್ಶನದ ದಿನ ಚಿಕ್ಕ ತರಗತಿಯ ಮಕ್ಕಳು ಮೇಜಿನ ಸುತ್ತ ಮುಖ ಹತ್ತಿರ ಇಟ್ಟುಕೊಂಡು ನಿಂತಿರುತ್ತಾರೆ. ಆದ್ದರಿಂದ ಇದನ್ನು ಎಲ್ಲರೂ ಪೂರ್ತಿ ಓದಬೇಕು.

ಒತ್ತಡ ಎಂದರೇನು?

ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಬಲ ಬೀಳುತ್ತದೋ ಅದೇ ಒತ್ತಡ.

ಒತ್ತಡ = ಬಲ ÷ ವಿಸ್ತೀರ್ಣ

ಪಂಕ್ಚರ್ ಅಂಗಡಿಯಲ್ಲಿ "ಮೂವತ್ತು ಪೌಂಡ್ ಗಾಳಿ" ಅನ್ನುತ್ತಾರಲ್ಲ, ಅದರ ಅರ್ಥ ಒಂದು ಚದರ ಅಂಗುಲದ ಮೇಲೆ 30 ಪೌಂಡ್ ಬಲ. ನಮ್ಮ ಲೆಕ್ಕಕ್ಕೆ ಇದನ್ನು ನೆನಪಿಟ್ಟುಕೊಳ್ಳಿ: ಒಂದು ಚದರ ಸೆಂಟಿಮೀಟರಿಗೆ 1 ಕೆ.ಜಿ. ಎಂದರೆ ಸುಮಾರು 14.2 ಪೌಂಡ್. ನಮ್ಮ ಸುತ್ತಲಿನ ವಾತಾವರಣವೇ ಸಮುದ್ರ ಮಟ್ಟದಲ್ಲಿ ಸುಮಾರು 14.7 ಪೌಂಡ್ ಒತ್ತುತ್ತಿದೆ. ಗಾಳಿ ಹೊಡೆಯುವ ಮೀಟರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ ತೋರಿಸುತ್ತೆ. ಅದಕ್ಕೇ ಗಾಳಿ ಪೂರ್ತಿ ಇಳಿದ ಟ್ಯೂಬಿಗೆ ಮೀಟರ್ ಇಟ್ಟರೆ ಸೊನ್ನೆ ಬರುವುದು.

ನಮಗೆ ಗೊತ್ತಿರುವ ಕೆಲವು ಒತ್ತಡಗಳು (ಎಲ್ಲವೂ ಸುಮಾರು):

1. ಮನೆಯ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ದಾಟಿ ಒಲೆಗೆ ಬರುವ ಅನಿಲ – ಅರ್ಧ ಪೌಂಡಿಗಿಂತಲೂ ಕಡಿಮೆ
2. ನಾವು ಬಾಯಿಂದ ಜೋರಾಗಿ ಊದುವ ಗಾಳಿ – ಒಂದು ಪೌಂಡಿನ ಆಸುಪಾಸು
3. ಟ್ರ್ಯಾಕ್ಟರಿನ ಹಿಂದಿನ ಚಕ್ರ – 12 ರಿಂದ 16 ಪೌಂಡ್
4. ಸೀಟಿ ಹೊಡೆಯುವ ಕುಕ್ಕರ್ – 14, 15 ಪೌಂಡ್
5. ಮೋಟಾರ್ ಬೈಕ್ – 25 ರಿಂದ 35 ಪೌಂಡ್
6. ಲಾರಿ ಚಕ್ರ – 100 ಪೌಂಡ್, ಅದಕ್ಕಿಂತ ಹೆಚ್ಚೂ ಇರಬಹುದು

ಅಷ್ಟು ದೊಡ್ಡ ಟ್ರ್ಯಾಕ್ಟರ್ ಚಕ್ರದಲ್ಲಿ ಬೈಕಿಗಿಂತ ಕಡಿಮೆ ಒತ್ತಡ! ಗಾತ್ರ ಬೇರೆ, ಒತ್ತಡ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಎಂಜಿನ್ನಿಗೆ ಎಷ್ಟು ಬೇಕು?

ನಮ್ಮ ಎಂಜಿನ್ನಿನ ಸಿಲಿಂಡರಿನ ಒಳ ವ್ಯಾಸ 12 ಮಿ.ಮೀ. ಪಿಸ್ಟನ್ ಓಡಾಡುವ ದೂರ 20 ಮಿ.ಮೀ. ನಾವೇ ಸ್ಕೇಲಿನಿಂದ ಅಳೆದಿದ್ದೇವೆ.

ಪಿಸ್ಟನ್ನಿನ ವಿಸ್ತೀರ್ಣ = 3.14 × 0.6 × 0.6 = 1.13 ಚ.ಸೆಂ.ಮೀ.

10 ಪೌಂಡ್ ಎಂದರೆ ಚ.ಸೆಂ.ಮೀ.ಗೆ 0.7 ಕೆ.ಜಿ. ಆಗ ಪಿಸ್ಟನ್ ಮೇಲೆ ಬೀಳುವ ಬಲ 1.13 × 0.7 = 0.79 ಕೆ.ಜಿ. ಮುಕ್ಕಾಲು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಇಷ್ಟು ಪುಟ್ಟ ಚಕ್ರ ತಿರುಗಿಸಲು ಇದು ಧಾರಾಳವಾಯ್ತು.

100 ಪೌಂಡ್ ಕೊಟ್ಟರೆ? ಹತ್ತು ಪಟ್ಟು, ಅಂದರೆ ಸುಮಾರು 8 ಕೆ.ಜಿ. ಬಳೆಯಷ್ಟು ಸಣ್ಣ ಚಕ್ರದ ಎಂಜಿನ್ನಿಗೆ ಪ್ರತಿ ಸುತ್ತಿಗೂ ಎಂಟು ಕೆ.ಜಿ. ಗುದ್ದು ಬಿದ್ದರೆ ಏನಾಗುತ್ತೆ ಯೋಚಿಸಿ. ಪಿನ್ನು ಬಾಗುತ್ತೆ, ಚಕ್ರ ಸಡಿಲವಾಗಿ ಹಾರಬಹುದು.

ಇನ್ನೊಂದು ವಿಷಯ. ನಮ್ಮದು ತೂಗಾಡುವ ಸಿಲಿಂಡರಿನ ಎಂಜಿನ್. ಸಿಲಿಂಡರೇ ಆ ಕಡೆ ಈ ಕಡೆ ತೂಗಿ ಗಾಳಿಯ ತೂತನ್ನು ತೆರೆದು ಮುಚ್ಚುತ್ತದೆ. ಅದನ್ನು ಹಿಂದಿನ ಹಲಗೆಗೆ ಒತ್ತಿ ಹಿಡಿದಿರುವುದು ಒಂದು ಸಣ್ಣ ಸ್ಪ್ರಿಂಗ್. ಒತ್ತಡ ಜಾಸ್ತಿಯಾದರೆ ಗಾಳಿಯು ಸ್ಪ್ರಿಂಗನ್ನು ಸೋಲಿಸಿ ಸಿಲಿಂಡರನ್ನು ಎತ್ತಿ ಪಕ್ಕದಿಂದ ಸೋರಿಹೋಗುತ್ತದೆ. ಹೆಚ್ಚು ಗಾಳಿ ಕೊಟ್ಟರೆ ಹೆಚ್ಚು ಓಡುತ್ತೆ ಎಂಬುದು ಇಲ್ಲಿ ಸುಳ್ಳು.

ಕಂಪ್ರೆಸರ್ ಒಳಗೆ ಏನು ನಡೆಯುತ್ತದೆ?

ಕಂಪ್ರೆಸರ್ ಎಂದರೆ ಮೋಟಾರಿನಿಂದ ನಡೆಯುವ ದೊಡ್ಡ ಸೈಕಲ್ ಪಂಪು ಎಂದುಕೊಳ್ಳಿ. ಅದು ಹೊರಗಿನ ಗಾಳಿಯನ್ನು ಎಳೆದು ಒತ್ತಿ ಕಬ್ಬಿಣದ ಟ್ಯಾಂಕಿಗೆ ತುಂಬುತ್ತೆ. ಅನಿಲವನ್ನು ಅರ್ಧ ಜಾಗಕ್ಕೆ ಒತ್ತಿದರೆ ಅದರ ಒತ್ತಡ ಎರಡು ಪಟ್ಟು ಆಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದರು. ಉಷ್ಣತೆ ಬದಲಾಗದಿದ್ದರೆ ಮಾತ್ರ ಈ ಲೆಕ್ಕ ಸರಿ. ಇಲ್ಲಿ ವಾತಾವರಣದ ಒತ್ತಡವನ್ನೂ ಸೇರಿಸಿಕೊಂಡು ಲೆಕ್ಕ ಹಾಕಬೇಕು.

ನಮ್ಮೂರ ಅಂಗಡಿಯ ಕಂಪ್ರೆಸರಿನ ಮೋಟಾರು 120 ಪೌಂಡ್ ಆದ ಕೂಡಲೇ ತಾನೇ ನಿಲ್ಲುತ್ತದೆ, 80ಕ್ಕೆ ಇಳಿದರೆ ಮತ್ತೆ ಶುರುವಾಗುತ್ತದೆ. ಅಂದರೆ ಟ್ಯಾಂಕಿನ ಒತ್ತಡ ಯಾವಾಗಲೂ ಒಂದೇ ಇರುವುದಿಲ್ಲ. 80 ಮತ್ತು 120ರ ನಡುವೆ ಏರಿ ಇಳಿಯುತ್ತಾ ಇರುತ್ತೆ. ನಮ್ಮ ಎಂಜಿನ್ನಿಗೆ ಮಾತ್ರ ಸದಾ ಒಂದೇ ಸಮ ಹತ್ತು ಬೇಕು. ಇದೇ ಕಷ್ಟದ ಕೆಲಸ.

ಬರೀ ನಲ್ಲಿ ಸಾಲದು

"ಪೈಪಿಗೆ ಒಂದು ಸಣ್ಣ ನಲ್ಲಿ ಹಾಕಿ ಸ್ವಲ್ಪವೇ ತಿರುಗಿಸಿದರೆ ಆಯ್ತಲ್ಲ?" ಅಂತ ನೀವು ಕೇಳಬಹುದು. ನೋಡಲು ಅದು ಸರಿ ಅನ್ನಿಸುತ್ತೆ. ಎಂಜಿನ್ ಓಡುತ್ತಿರುವಾಗ ನಿಜವಾಗಿಯೂ ಒತ್ತಡ ಕಡಿಮೆಯೇ ಇರುತ್ತದೆ. ಆದರೆ ಎಂಜಿನ್ ನಿಂತರೆ?

ಇದನ್ನು ನೀವೇ ಮಾಡಿ ನೋಡಿ. ಗಿಡಕ್ಕೆ ನೀರು ಹಾಕುವ ಪೈಪನ್ನು ನಲ್ಲಿಗೆ ಸಿಕ್ಕಿಸಿ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ. ಪೈಪಿನ ತುದಿಯಲ್ಲಿ ನೀರು ಮೆತ್ತಗೆ ಬರುತ್ತದೆ. ಈಗ ಹೆಬ್ಬೆರಳಿನಿಂದ ತುದಿಯನ್ನು ಪೂರ್ತಿ ಮುಚ್ಚಿ, ಹತ್ತು ಎಣಿಸಿ. ನೀರು ಬೆರಳನ್ನು ಜೋರಾಗಿ ತಳ್ಳಲು ಶುರು ಮಾಡುತ್ತೆ! ನಲ್ಲಿ ತಿರುಗಿಸಿದ್ದು ಸ್ವಲ್ಪವೇ, ಆದರೂ ತುದಿಯಲ್ಲಿ ಟ್ಯಾಂಕಿನ ಪೂರ್ತಿ ಒತ್ತಡ ಬಂದುಬಿಟ್ಟಿತು.

ಗಾಳಿಯೂ ಹೀಗೆಯೇ. ನಲ್ಲಿಯು ಹರಿವನ್ನು ತಡೆಯುತ್ತದೆಯೇ ಹೊರತು ಒತ್ತಡವನ್ನು ಹಿಡಿದಿಡುವುದಿಲ್ಲ. ನಮ್ಮ ಎಂಜಿನ್ ತೂತು ಮುಚ್ಚಿದ ಜಾಗದಲ್ಲಿ ನಿಂತುಬಿಟ್ಟರೆ ಹರಿವು ನಿಲ್ಲುತ್ತೆ. ಕೆಲವೇ ಕ್ಷಣದಲ್ಲಿ ಪೈಪಿನೊಳಗೆ ನೂರು ಪೌಂಡ್ ಸೇರಿಕೊಳ್ಳುತ್ತೆ. ಆಗ ಯಾರಾದರೂ "ಯಾಕೆ ನಿಂತಿತು?" ಅಂತ ಚಕ್ರಕ್ಕೆ ಬೆರಳು ಹಾಕಿ ತಿರುಗಿಸಿದರೆ ಬೆರಳಿಗೆ ಪೆಟ್ಟು ಖಂಡಿತ. ಇಲ್ಲದಿದ್ದರೆ ಪೈಪು ಕಿತ್ತುಕೊಂಡು ಹಾವಿನ ಹಾಗೆ ಹೊಡೆದಾಡುತ್ತೆ.

ರೆಗ್ಯುಲೇಟರ್ ಹೇಗೆ ಕೆಲಸ ಮಾಡುತ್ತದೆ?

ಒತ್ತಡವನ್ನು ಹಿಡಿದಿಡುವ ಸಾಧನವೇ ರೆಗ್ಯುಲೇಟರ್. ಅದರಲ್ಲಿ ಮುಖ್ಯವಾದ ಭಾಗ ಮೂರು: ಒಂದು ಸ್ಪ್ರಿಂಗ್, ಒಂದು ರಬ್ಬರ್ ಪೊರೆ, ಒಂದು ಪುಟ್ಟ ಬಾಗಿಲು (ಕವಾಟ).

ಮೇಲಿನ ತಿರುಪನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಪೊರೆಯನ್ನು ಕೆಳಗೆ ಒತ್ತುತ್ತದೆ. ಪೊರೆಯು ಒಂದು ಕಡ್ಡಿಯ ಮೂಲಕ ಬಾಗಿಲನ್ನು ತಳ್ಳಿ ತೆರೆಯುತ್ತದೆ. ಕಂಪ್ರೆಸರಿನ ಗಾಳಿ ಒಳಗೆ ಬಂದು ಎಂಜಿನ್ ಕಡೆ ಹೋಗುತ್ತೆ. ಆ ಕಡೆ ಗಾಳಿ ತುಂಬಿ ಒತ್ತಡ ಏರಿದಂತೆ, ಅದೇ ಗಾಳಿ ಪೊರೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತೆ. ಗಾಳಿಯ ಬಲ ಸ್ಪ್ರಿಂಗಿನ ಬಲಕ್ಕೆ ಸಮ ಆದಾಗ ಪೊರೆ ಮೇಲೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೆ. ಎಂಜಿನ್ ಗಾಳಿ ಕುಡಿದಂತೆ ಒತ್ತಡ ಇಳಿಯುತ್ತೆ, ಸ್ಪ್ರಿಂಗ್ ಗೆಲ್ಲುತ್ತೆ, ಬಾಗಿಲು ಮತ್ತೆ ತೆರೆಯುತ್ತೆ. ಏತದ ಎರಡು ಕಡೆ ಇಬ್ಬರು ಕೂತು ತೂಗಿದ ಹಾಗೆ ಸ್ಪ್ರಿಂಗು ಮತ್ತು ಗಾಳಿ ಸದಾ ತೂಗುತ್ತಾ ಇರುತ್ತವೆ. ಎಂಜಿನ್ ನಿಂತರೆ ಬಾಗಿಲು ಮುಚ್ಚಿಯೇ ಇರುತ್ತದೆ. ಒತ್ತಡ ಹತ್ತರ ಹತ್ತಿರವೇ ನಿಲ್ಲುತ್ತೆ, ನೂರಕ್ಕೆ ಏರುವುದಿಲ್ಲ. ನಲ್ಲಿಗೂ ರೆಗ್ಯುಲೇಟರಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲಾ.

ಕೆಲವು ರೆಗ್ಯುಲೇಟರಿನಲ್ಲಿ ಪೊರೆಯ ನಡುವೆ ಒಂದು ಸಣ್ಣ ತೂತು ಇರುತ್ತದೆ. ಎಂಜಿನ್ ಕಡೆ ಒತ್ತಡ ಜಾಸ್ತಿಯಾದರೆ ಹೆಚ್ಚಿನ ಗಾಳಿ ಅದರ ಮೂಲಕ "ಸ್" ಎಂದು ಹೊರಗೆ ಹೋಗುತ್ತದೆ. ನಮಗೆ ಇಂಥದ್ದೇ ಒಳ್ಳೆಯದು.

ಮನೆಯ ಗ್ಯಾಸ್ ರೆಗ್ಯುಲೇಟರಿನ ಒಳಗೂ ಇದೇ ತರಹದ ಸ್ಪ್ರಿಂಗು, ಪೊರೆ ಇವೆ. ಹಾಗಂತ ಅದನ್ನು ಬಿಚ್ಚಿ ತಂದು ಕಂಪ್ರೆಸರಿಗೆ ಹಾಕಬಾರದು. ಅದನ್ನು ಮಾಡಿರುವುದು ಗ್ಯಾಸಿಗಾಗಿ. ಬಿಚ್ಚಿ ಕೆಡಿಸಿ ಮತ್ತೆ ಒಲೆಗೆ ಹಾಕಿದರೆ ಮನೆಗೇ ಅಪಾಯ.

ಜೋಡಿಸುವ ಕ್ರಮ

ಕಂಪ್ರೆಸರಿನಿಂದ ಎಂಜಿನ್ವರೆಗೆ ಹೀಗೆ ಸಾಲಾಗಿ ಜೋಡಿಸಬೇಕು:

ಟ್ಯಾಂಕ್ → ನೀರು ಹಿಡಿಯುವ ಬಟ್ಟಲು → ರೆಗ್ಯುಲೇಟರ್ → ಮೀಟರ್ → ಸೇಫ್ಟಿ ವಾಲ್ವ್ → ಸಣ್ಣ ನಲ್ಲಿ → ಎಂಜಿನ್

1. ನೀರು ಹಿಡಿಯುವ ಬಟ್ಟಲು ಏಕೆ? ಗಾಳಿಯಲ್ಲಿ ನೀರಾವಿ ಇರುತ್ತೆ. ಒತ್ತಿದ ಗಾಳಿ ತಣ್ಣಗಾದಾಗ ಅದು ನೀರಾಗುತ್ತದೆ. ಅಂಗಡಿ ಅಣ್ಣ ಟ್ಯಾಂಕಿನ ತಳದ ನಲ್ಲಿ ಬಿಚ್ಚಿ ತುಕ್ಕು ಬಣ್ಣದ ನೀರು ಬಿಡುವುದನ್ನು ನೋಡಿರಬಹುದು. ಆ ನೀರು ಎಂಜಿನ್ನಿಗೆ ಹೋಗಬಾರದು.

2. ಮೀಟರು 30 ಪೌಂಡಿನವರೆಗೆ ಮಾತ್ರ ತೋರಿಸುವಂಥದ್ದಿರಲಿ. 150ರ ಮೀಟರಿನಲ್ಲಿ 10 ಎಂದರೆ ಮುಳ್ಳು ಅಲುಗಿದ್ದೇ ಗೊತ್ತಾಗಲ್ಲ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ!

3. ಸೇಫ್ಟಿ ವಾಲ್ವನ್ನು 15 ಪೌಂಡಿಗೆ ಇಡಬೇಕು. ರೆಗ್ಯುಲೇಟರ್ ಕೆಟ್ಟರೂ ಅದು ತೆರೆದು ಗಾಳಿ ಬಿಡುತ್ತದೆ. ಅದರ ಬಾಯಿ ಸಣ್ಣದಿರಬಾರದು, ಬರುವ ಗಾಳಿಯನ್ನೆಲ್ಲ ಬಿಡುವಷ್ಟು ದೊಡ್ಡದಿರಬೇಕು.

4. ಕೊನೆಯ ಸಣ್ಣ ನಲ್ಲಿ ವೇಗಕ್ಕೆ. ಒತ್ತಡ ನೋಡಿಕೊಳ್ಳುವುದು ರೆಗ್ಯುಲೇಟರ್, ವೇಗ ನೋಡಿಕೊಳ್ಳುವುದು ನಲ್ಲಿ. ಇಬ್ಬರ ಕೆಲಸ ಬೇರೆ ಬೇರೆ.

ಶುರು ಮಾಡುವಾಗ ರೆಗ್ಯುಲೇಟರಿನ ತಿರುಪನ್ನು ಪೂರ್ತಿ ಸಡಿಲ ಮಾಡಿಟ್ಟು ಆಮೇಲೆ ಕಂಪ್ರೆಸರಿನ ಗಾಳಿ ಬಿಡಬೇಕು. ನಂತರ ಮೀಟರ್ ನೋಡುತ್ತಾ ನಿಧಾನ ಬಿಗಿ ಮಾಡಬೇಕು. ಮೂರು, ಐದು, ಏಳು... ಚಕ್ರ ತಿರುಗಲು ಶುರುವಾದ ಮೇಲೆ ಇನ್ನೂ ಬಿಗಿ ಮಾಡುವ ಆಸೆ ಬೇಡ.

ಟ್ಯಾಂಕಿನ ಒತ್ತಡ ಏರಿಳಿದಾಗ ಒಂದು ರೆಗ್ಯುಲೇಟರ್ ಸ್ವಲ್ಪ ತಡವರಿಸುತ್ತದೆ. ಎರಡು ಇದ್ದರೆ ಮೊದಲನೆಯದರಲ್ಲಿ 30ಕ್ಕೆ, ಎರಡನೆಯದರಲ್ಲಿ 10ಕ್ಕೆ ಇಳಿಸಬಹುದು. ಆಗ ಗಾಳಿ ಒಂದೇ ಸಮ ಬರುತ್ತದೆ.

ನೀರಿನಿಂದ ಒತ್ತಡ ಅಳೆಯಿರಿ

ಸಣ್ಣ ಒತ್ತಡಕ್ಕೆ ಮೀಟರ್ ಕೊಳ್ಳಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಸಾಕು. ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಗೋಡೆಗೆ ಕಟ್ಟಿ ಅರ್ಧ ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಇಡಿ. ಒಂದು ತುದಿಗೆ ಗಾಳಿ ಕೊಟ್ಟರೆ ಆ ಕಡೆಯ ನೀರು ಇಳಿದು ಈ ಕಡೆಯದು ಏರುತ್ತದೆ. ಎರಡೂ ಮಟ್ಟಗಳ ವ್ಯತ್ಯಾಸ 70 ಸೆಂ.ಮೀ. ಇದ್ದರೆ ಒತ್ತಡ ಒಂದು ಪೌಂಡ್.

ನಮ್ಮ ತರಗತಿಯಲ್ಲಿ ಊದಿ ನೋಡಿದೆವು. ಎಲ್ಲರಿಗಿಂತ ಹೆಚ್ಚು ಬಂದದ್ದು 62 ಸೆಂ.ಮೀ. ಅದು ಊರಹಬ್ಬದಲ್ಲಿ ಪೀಪಿ ಊದುವ ಹುಡುಗನದು! (ತಲೆ ಸುತ್ತುವಷ್ಟು ಊದಬೇಡಿ.)

ಹತ್ತು ಪೌಂಡ್ ಅಳೆಯಬೇಕಾದರೆ 7 ಮೀಟರ್ ನೀರು ಬೇಕು, ನಮ್ಮ ಶಾಲೆಯ ಸೂರಿಗಿಂತ ಎತ್ತರ. ನೂರು ಪೌಂಡಿಗೆ 70 ಮೀಟರ್, ಹೆಚ್ಚು ಕಡಿಮೆ ದೆಹಲಿಯ ಕುತುಬ್ ಮಿನಾರಿನಷ್ಟು! ಅಂಗಡಿಯ ಆ ಸಣ್ಣ ಪೈಪಿನೊಳಗೆ ಎಷ್ಟು ಒತ್ತಡ ಇದೆ ಅಂತ ಈಗ ಅಂದಾಜು ಸಿಕ್ಕಿತಲ್ಲ.

ರೆಗ್ಯುಲೇಟರ್ ಇಲ್ಲದೆ ಮಾಡುವ ದಾರಿ: ಲಾರಿ ಟ್ಯೂಬ್

ರೆಗ್ಯುಲೇಟರಿಗೆ ದುಡ್ಡು ಬೇಕು. ಪ್ರದರ್ಶನದ ಜಾಗದಲ್ಲಿ ಕರೆಂಟೂ ಇರುತ್ತೆ ಅಂತ ನಂಬುವಂತಿಲ್ಲ. ಅದಕ್ಕೆ ಇನ್ನೊಂದು ದಾರಿ ಇದೆ.

ಹಳೆಯ ಲಾರಿ ಟ್ಯೂಬನ್ನು ಟೈರಿನ ಹೊರಗೆ ಇಟ್ಟು ಹದವಾಗಿ ಗಾಳಿ ತುಂಬಿದರೆ ಅದು ಉಬ್ಬುತ್ತದೆ, ಆದರೆ ಒಳಗಿನ ಒತ್ತಡ ಒಂದು ಪೌಂಡಿನ ಆಸುಪಾಸು ಮಾತ್ರ ಇರುತ್ತದೆ. ಲಾರಿಯಲ್ಲಿ ಅದೇ ಟ್ಯೂಬ್ ನೂರು ಪೌಂಡ್ ತಡೆಯುವುದು ಸುತ್ತಲಿನ ಟೈರಿನ ಬಲದಿಂದ. ಅಂಗಡಿಯಲ್ಲಿ ಟ್ಯೂಬ್ ತುಂಬಿಸಿ, ಕಂಪ್ರೆಸರಿನ ಪೈಪ್ ತೆಗೆದು, ಟ್ಯೂಬನ್ನು ಮಾತ್ರ ಹೊತ್ತು ತಂದರೆ ಆಯ್ತು. ಎಂಜಿನ್ನಿನ ಹತ್ತಿರ ಕಂಪ್ರೆಸರೇ ಇರುವುದಿಲ್ಲ. ನೂರು ಪೌಂಡ್ ಬರುವ ಸಾಧ್ಯತೆಯೇ ಇಲ್ಲ.

ಮೇಷ್ಟ್ರ ಜೊತೆ ಇದನ್ನು ಮಾಡಿದೆವು. ನೀರಿನ ಪೈಪಿನಲ್ಲಿ 48 ಸೆಂ.ಮೀ. ಬಂತು, ಅಂದರೆ ಸುಮಾರು 0.7 ಪೌಂಡ್. ಎಂಜಿನ್ ಬಹಳ ನಿಧಾನವಾಗಿ ತಿರುಗಿತು. ಟ್ಯೂಬಿನ ಮೇಲೆ ಹಲಗೆ ಇಟ್ಟು ಎರಡು ಮರಳು ಚೀಲ ಹೇರಿದಾಗ 66 ಸೆಂ.ಮೀ. ಆಯಿತು, ಎಂಜಿನ್ ಚುರುಕಾಯಿತು. ಗೋಬರ್ ಗ್ಯಾಸ್ ಗುಂಡಿಯ ಮೇಲೆ ತೇಲುವ ಕಬ್ಬಿಣದ ಡ್ರಮ್ಮು ಮಾಡುವುದೂ ಇದನ್ನೇ. ಡ್ರಮ್ಮಿನ ಭಾರವೇ ಒಳಗಿನ ಅನಿಲವನ್ನು ಒಂದೇ ಸಮ ಒತ್ತುತ್ತಾ ಇರುತ್ತದೆ.

ಎಷ್ಟು ಹೊತ್ತು ಓಡುತ್ತೆ? ಒಂದು ಸುತ್ತಿಗೆ ಗಾಳಿ 1.13 × 2 = 2.26 ಘನ ಸೆಂ.ಮೀ. ನಿಮಿಷಕ್ಕೆ 300 ಸುತ್ತು ಎಂದರೆ 678 ಘನ ಸೆಂ.ಮೀ., ಅಂದರೆ ಸುಮಾರು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ. ಟ್ಯೂಬಿನಿಂದ 50 ಲೀಟರ್ ಸಿಕ್ಕರೂ ಒಂದು ಗಂಟೆಗಿಂತ ಹೆಚ್ಚು ಓಡಬೇಕು. ನಿಜದಲ್ಲಿ ಓಡಿದ್ದು 21 ನಿಮಿಷ! ಉಳಿದ ಗಾಳಿ ಎಲ್ಲಿ ಹೋಯಿತು? ಸೋರಿಹೋಯಿತು. ಸೋಪಿನ ನೀರು ಹಚ್ಚಿ ನೋಡಿದಾಗ ಎರಡು ಕಡೆ ಗುಳ್ಳೆ ಎದ್ದವು. ಒಂದು ಪೈಪಿನ ಸಂದು, ಇನ್ನೊಂದು ಸಿಲಿಂಡರ್ ಮತ್ತು ಹಲಗೆಯ ನಡುವೆ. ಸಂದನ್ನು ಬಿಗಿ ಮಾಡಿ, ಹಲಗೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟ ಮೇಲೆ 34 ನಿಮಿಷ ಓಡಿತು. ಪ್ರದರ್ಶನದಲ್ಲಿ ನೋಡಲು ಬಂದ ಪ್ರತಿ ಗುಂಪಿಗೂ ಎರಡು ನಿಮಿಷ ಓಡಿಸಿ ನಲ್ಲಿ ಮುಚ್ಚಿದರೆ ಎರಡು ಟ್ಯೂಬಿನಲ್ಲಿ ಬೆಳಗಿನ ಹೊತ್ತು ಪೂರ್ತಿ ತೂಗಿಸಬಹುದು ಅಂತ ನನ್ನ ಲೆಕ್ಕ.

ಎಚ್ಚರಿಕೆ! ಎಚ್ಚರಿಕೆ!

1. ಕಂಪ್ರೆಸರ್ ಗಾಳಿಯನ್ನು ಯಾರ ಮೈಮೇಲೂ ಬಿಡಬಾರದು, ತಮಾಷೆಗೂ ಬೇಡ. ಕಣ್ಣು, ಕಿವಿ ಹಾಳಾಗುತ್ತವೆ. ಗಾಯದ ಮೂಲಕ ಗಾಳಿ ಚರ್ಮದೊಳಗೆ ಹೊಕ್ಕರೆ ಪ್ರಾಣಕ್ಕೇ ಅಪಾಯ. ಬಟ್ಟೆಯ ಧೂಳು ಹೊಡೆಯಲೂ ಇದನ್ನು ಬಳಸಬೇಡಿ.
2. ನೀರಾವರಿಯ ಪಿ.ವಿ.ಸಿ. ಪೈಪಿಗೆ, ಪ್ಲಾಸ್ಟಿಕ್ ಬಾಟಲಿಗೆ ಒತ್ತಡದ ಗಾಳಿ ತುಂಬಬೇಡಿ. ನೀರಿದ್ದಾಗ ಪೈಪು ಒಡೆದರೆ ಬರೀ ಸೀಳುತ್ತೆ. ಗಾಳಿ ಇದ್ದಾಗ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಏಕೆಂದರೆ ಒತ್ತಿದ ಗಾಳಿ ಎಳೆದಿಟ್ಟ ಕವಣೆಯ ರಬ್ಬರಿನ ಹಾಗೆ.
3. ಟ್ಯೂಬ್ ತುಂಬುವಾಗ ದೊಡ್ಡವರೇ ತುಂಬಲಿ. ಟೈರ್ ಇಲ್ಲದ ಟ್ಯೂಬ್ ಅತಿಯಾಗಿ ಉಬ್ಬಿದರೆ ಒಡೆಯುತ್ತದೆ.
4. ಸೇಫ್ಟಿ ವಾಲ್ವಿಗೆ ತಂತಿ ಕಟ್ಟುವುದು, ಭಾರ ಇಡುವುದು ಮಹಾ ಅಪರಾಧ.
5. ಪೈಪ್ ಬಿಚ್ಚುವ ಮೊದಲು ಒಳಗಿನ ಗಾಳಿಯನ್ನು ಪೂರ್ತಿ ಬಿಡಿ. ಮೀಟರಿನ ಮುಳ್ಳು ಸೊನ್ನೆಗೆ ಬರಲಿ.

ನಿಮಗೆ ಗೊತ್ತೇ?

★ ಡೆನಿಸ್ ಪಾಪಿನ್ ಎಂಬ ಫ್ರಾನ್ಸಿನ ವಿಜ್ಞಾನಿ 1679ರಲ್ಲಿ ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಉಗಿಯಿಂದ ಮೂಳೆ ಬೇಯಿಸಿ ತೋರಿಸಿದರು. ಅದು ಇವತ್ತಿನ ಕುಕ್ಕರಿನ ಮುತ್ತಜ್ಜ. ಪಾತ್ರೆ ಸಿಡಿಯದಿರಲು ಭಾರ ಇಟ್ಟ ಸೇಫ್ಟಿ ವಾಲ್ವನ್ನೂ ಅವರೇ ಮಾಡಿದರು.

★ ಜೇಮ್ಸ್ ವ್ಯಾಟ್ ಕಡಿಮೆ ಒತ್ತಡದ ಉಗಿಯನ್ನೇ ನಂಬಿದ್ದರು. ಹೆಚ್ಚಿನ ಒತ್ತಡ ಬಳಸಿದವರು ರಿಚರ್ಡ್ ಟ್ರೆವಿಥಿಕ್. 1803ರಲ್ಲಿ ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ ಅವರ ಬಾಯ್ಲರ್ ಸಿಡಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಆಮೇಲೆ ಅವರು ಒಂದರ ಬದಲು ಎರಡು ಸೇಫ್ಟಿ ವಾಲ್ವ್ ಇಡತೊಡಗಿದರು. 1804ರಲ್ಲಿ ಅವರ ಉಗಿಬಂಡಿ ಹಳಿಯ ಮೇಲೆ ಓಡಿತು.

★ ನಮ್ಮ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿಯ ಆಳದಲ್ಲಿ ಬಂಡೆ ಕೊರೆಯುವ ಯಂತ್ರಗಳು ಒತ್ತಿದ ಗಾಳಿಯಿಂದ ನಡೆಯುತ್ತಿದ್ದವು. 2001ರಲ್ಲಿ ಆ ಗಣಿ ಮುಚ್ಚಿತು.

ಪ್ರಶ್ನೆಗಳು

1. ಯು ಪೈಪಿನಲ್ಲಿ ನೀರಿನ ವ್ಯತ್ಯಾಸ 105 ಸೆಂ.ಮೀ. ಇದೆ. ಒತ್ತಡ ಎಷ್ಟು ಪೌಂಡ್?
2. ನಮ್ಮೂರ ನೀರಿನ ಟ್ಯಾಂಕ್ 14 ಮೀಟರ್ ಎತ್ತರದಲ್ಲಿದೆ. ಕೆಳಗಿನ ನಲ್ಲಿ ಮುಚ್ಚಿದ್ದಾಗ ಅಲ್ಲಿ ಒತ್ತಡ ಎಷ್ಟು?
3. ಪಿಸ್ಟನ್ನಿನ ವ್ಯಾಸ ಎರಡು ಪಟ್ಟು ಆದರೆ, ಅದೇ ಒತ್ತಡಕ್ಕೆ ಬಲ ಎಷ್ಟು ಪಟ್ಟು ಆಗುತ್ತದೆ? (ಎರಡು ಪಟ್ಟು ಎಂದರೆ ತಪ್ಪು!)

ಉತ್ತರ ಬರೆದ ಚೀಟಿಯನ್ನು ಶನಿವಾರದೊಳಗೆ ವಿಜ್ಞಾನ ಕೊಠಡಿಯ ಡಬ್ಬಿಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ. ಮೂರೂ ಸರಿ ಇದ್ದವರಿಗೆ ಪ್ರದರ್ಶನದ ದಿನ ಎಂಜಿನ್ನಿನ ನಲ್ಲಿ ತಿರುಗಿಸುವ ಅವಕಾಶ ಕೊಡುವುದಾಗಿ ಮೇಷ್ಟ್ರು ಒಪ್ಪಿದ್ದಾರೆ.

– 7ನೇ ತರಗತಿಯ ವಿದ್ಯಾರ್ಥಿ